ನೀರು ಬರುವ ಮುಂಚೆ ಒಂದು ಮೆಸೇಜು

ಅರೆಕೆರೆಯ ನಮ್ಮ ಕ್ರಾಸಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಎಷ್ಟು ಹೊತ್ತಿಗೆ ಅಂತ ಮಾತ್ರ ಕೇಳಬಾರದು. ಒಂದು ದಿನ ಬೆಳಗಿನ ಜಾವ ನಾಲ್ಕೂವರೆ, ಇನ್ನೊಂದು ದಿನ ಹತ್ತು ಗಂಟೆ. ನಲ್ಲಿಯಲ್ಲಿ ಮೊದಲು ಸೊರ್ ಅಂತ ಗಾಳಿ ಬರುತ್ತದೆ, ಆಮೇಲೆ ಎರಡು ಬಿಂದಿಗೆಯಷ್ಟು ಕೆಂಪು ನೀರು, ಆಮೇಲೆ ತಿಳಿನೀರು. ಅಷ್ಟರೊಳಗೆ ಎದ್ದು ಸಂಪಿಗೆ ತಿರುಗಿಸಿಕೊಂಡವರು ಬಚಾವು. ಮಲಗಿದವರು ಟ್ಯಾಂಕರಿಗೆ ಫೋನ್ ಮಾಡಬೇಕು.

ಕೆಳಗಿನ ಮನೆಯ ಅಕ್ಕ ಒಂದು ಸಂಜೆ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದರು: "ನೀವು ದಿನವೆಲ್ಲ ಕಂಪ್ಯೂಟರ್ ಮುಂದೇನೆ ಕೂತಿರ್ತೀರಲ್ಲ ಸಾರ್, ನೀರು ಬರೋ ಮುಂಚೆ ಎಲ್ಲರ ಮೊಬೈಲಿಗೂ ಒಂದು ಮೆಸೇಜ್ ಬರೋ ಥರ ಮಾಡ್ಕೊಡಿ. ಅದೇನು ದೊಡ್ಡ ಕೆಲಸಾನಾ?"

ಬನ್ನೇರುಘಟ್ಟ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಇಂಥ ಮಾತಿಗೆ ರಿಕ್ವೈರ್‌ಮೆಂಟ್ ಅನ್ನುತ್ತಾರೆ. ಅದನ್ನು ಬರೆಯುವುದಕ್ಕೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿರುತ್ತಾರೆ. ಯಾಕೆಂದರೆ ಅಕ್ಕನ ಆ ಒಂದು ವಾಕ್ಯದ ಪ್ರತಿಯೊಂದು ಮಾತಿನ ಹಿಂದೆಯೂ ಒಂದು ಪ್ರಶ್ನೆ ಅಡಗಿ ಕೂತಿದೆ. 'ಮುಂಚೆ' ಅಂದರೆ ಐದು ನಿಮಿಷವೋ, ಒಂದು ಗಂಟೆಯೋ? 'ಎಲ್ಲರ' ಅಂದರೆ ಬಾಡಿಗೆಯವರೂ ಸೇರಿದರೋ? 'ಮೆಸೇಜ್' ಯಾವ ಲಿಪಿಯಲ್ಲಿ, ಎಷ್ಟುದ್ದ? 'ಬರೋ ಥರ' ಸರಿ, ಕಳಿಸುವವರು ಯಾರು? 'ಬೇಗ ಬರಬೇಕು' ಎಂದು ಬರೆದುಕೊಂಡರೆ ಅದು ಆಸೆಯಾಯಿತು. 'ನೀರಿಗಿಂತ ಅರ್ಧ ಗಂಟೆ ಮೊದಲು, ನೂರು ಸಲದಲ್ಲಿ ತೊಂಬತ್ತೈದು ಸಲವಾದರೂ' ಎಂದು ಬರೆದುಕೊಂಡರೆ ಗಡಿಯಾರ ಹಿಡಿದು ಪರೀಕ್ಷೆ ಮಾಡಬಹುದು.

ಈ ಪ್ರಶ್ನೆಗಳಲ್ಲಿ ಕೆಲವಕ್ಕೆ ನಲವತ್ತು ವರ್ಷದ ಹಿಂದೆಯೇ ಉತ್ತರ ಬರೆದಿಟ್ಟಾಗಿದೆ. ಬರೆದವರಿಗೆ ಅರೆಕೆರೆಯೂ ಗೊತ್ತಿರಲಿಲ್ಲ, ಕನ್ನಡವೂ ಗೊತ್ತಿರಲಿಲ್ಲ.

1980ರ ದಶಕದ ನಡುವಿನ ಮಾತು. ಯುರೋಪಿನ ಹಲವು ದೇಶಗಳು ಸೇರಿ ಜಿಎಸ್‌ಎಂ ಎಂಬ ಹೊಸ ಮೊಬೈಲ್ ವ್ಯವಸ್ಥೆಯನ್ನು ಕಾಗದದ ಮೇಲೆ ಕಟ್ಟುತ್ತಿದ್ದವು. ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಮತ್ತು ಫ್ರಾನ್ಸಿನ ಬರ್ನಾರ್ಡ್ ಗಿಲ್ಲೆಬಾರ್ ಒಂದು ಸಣ್ಣ ಸಂಗತಿಯನ್ನು ಹಿಡಿದರು. ಮೊಬೈಲು ಮಾತಾಡದಿದ್ದಾಗಲೂ ಸುಮ್ಮನಿರುವುದಿಲ್ಲ. 'ನಾನು ಇಲ್ಲಿದ್ದೇನೆ' ಎಂದು ಆಗಾಗ ಟವರಿಗೆ ಹೇಳುತ್ತದೆ. 'ನಿನಗೊಂದು ಕರೆ ಬಂದಿದೆ' ಎಂದು ಟವರು ಅದಕ್ಕೆ ಹೇಳುತ್ತದೆ. ಈ ಪಿಸುಮಾತಿಗೆಂದೇ ಬೇರೆ ಒಂದು ಕಿರಿದಾದ ಓಣಿ ಇದೆ. ಓಣಿ ಬಹಳ ಹೊತ್ತು ಖಾಲಿ ಬಿದ್ದಿರುತ್ತದೆ. ಹೇಗೂ ಹೋಗುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಊರಿಗೊಂದು ಚೀಟಿ ಕೊಟ್ಟು ಕಳಿಸುತ್ತಿದ್ದರಲ್ಲ, ಹಾಗೆ ಈ ಓಣಿಯಲ್ಲಿ ಚೀಟಿ ಕಳಿಸಬಹುದಲ್ಲ ಎನ್ನುವುದು ಅವರ ಯೋಚನೆ. ಹೊಸ ತಂತಿ ಬೇಡ, ಹೊಸ ಟವರು ಬೇಡ.

ಕಂಡಕ್ಟರು ಚೀಟಿ ಒಯ್ಯುತ್ತಾನೆ, ಮೂಟೆ ಒಯ್ಯುವುದಿಲ್ಲ. ಎಷ್ಟು ದೊಡ್ಡ ಚೀಟಿ ಎಂದು ಗೊತ್ತುಮಾಡಬೇಕಿತ್ತು. 1985ರಲ್ಲಿ ಹಿಲ್ಲೆಬ್ರಾಂಡ್ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತು ಮನಸ್ಸಿಗೆ ಬಂದ ವಾಕ್ಯಗಳನ್ನು ಹೊಡೆದು, ಅಕ್ಷರ, ಅಂಕಿ, ಚುಕ್ಕೆ, ನಡುವಿನ ಜಾಗ ಎಲ್ಲವನ್ನೂ ಎಣಿಸಿದರು. ಹೆಚ್ಚುಕಡಿಮೆ ಎಲ್ಲವೂ 160ರೊಳಗೇ ಮುಗಿಯುತ್ತಿದ್ದವು. ಅಂಚೆ ಕಾರ್ಡಿನಲ್ಲಿ ಜನ ಬರೆಯುವುದು ಹೆಚ್ಚಾಗಿ 150 ಅಕ್ಷರದೊಳಗೆ, ಟೆಲೆಕ್ಸ್ ಸಂದೇಶಗಳೂ ಅಷ್ಟೇ ಎನ್ನುವುದು ಅವರಿಗೆ ಇನ್ನಷ್ಟು ಬಲ ಕೊಟ್ಟಿತು. ಕೊನೆಗೆ ಚೀಟಿಯ ಅಳತೆ 140 ಬೈಟ್ ಎಂದು ನಿಂತಿತು. ಅಂದರೆ 1120 ಬಿಟ್. ಒಂದು ಅಕ್ಷರಕ್ಕೆ ಏಳು ಬಿಟ್ ಕೊಟ್ಟರೆ ಸರಿಯಾಗಿ 160 ಅಕ್ಷರ.

ಒಬ್ಬ ಮನುಷ್ಯ ತನ್ನ ಮನೆಯಲ್ಲಿ ತನ್ನ ಭಾಷೆಯಲ್ಲಿ ಎಣಿಸಿ ಲೋಕಕ್ಕೆಲ್ಲ ಅಳತೆ ಕೊಟ್ಟ ಎಂದು ಬೈಯಲು ನನಗೆ ಮನಸ್ಸಿಲ್ಲ. ಎಣಿಸದೆ ಬರೆದ ರಿಕ್ವೈರ್‌ಮೆಂಟುಗಳನ್ನು ಬೇಕಾದಷ್ಟು ನೋಡಿದ್ದೇನೆ. ಆತ ಎಣಿಸಿದನಲ್ಲ.

ಏಳು ಬಿಟ್ಟಿನಲ್ಲಿ 128 ಮನೆಗಳು. ಚೌಕಾಬಾರದಲ್ಲಿ ಮನೆ ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಆ 128 ಮನೆಯಲ್ಲಿ ಯಾರನ್ನು ಕೂರಿಸಿದರು ಎಂದು ನೋಡುವುದು ಒಂದು ಮೋಜು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿಗಳು ಸರಿಯೇ. ಜೊತೆಗೆ ಜರ್ಮನ್ನರ ಎರಡು ಚುಕ್ಕೆಯ ಅಕ್ಷರಗಳು, ನಾರ್ವೆಯವರ ಗೀಟು ಹೊಡೆದ ಓ, ಪೌಂಡ್ ಮತ್ತು ಯೆನ್ ಚಿಹ್ನೆಗಳು. ಗ್ರೀಕರಿಗೆ ಹತ್ತೇ ಹತ್ತು ದೊಡ್ಡಕ್ಷರ. ಉಳಿದವು ಇಂಗ್ಲಿಷ್ ಅಕ್ಷರದಂತೆಯೇ ಕಾಣುತ್ತವೆ, ಅವನ್ನೇ ಹೊಂದಿಸಿಕೊಳ್ಳಿ ಎಂಬ ಜಿಪುಣತನ. 2010ರಲ್ಲಿ ಹುಟ್ಟಿದ ನಮ್ಮ ರೂಪಾಯಿ ಚಿಹ್ನೆಗೆ ಅಲ್ಲಿ ಜಾಗವಿಲ್ಲ. ಬ್ಯಾಂಕಿನ ಮೆಸೇಜುಗಳಲ್ಲಿ ಇವತ್ತಿಗೂ ಇಂಗ್ಲಿಷಿನ 'ಆರ್‌ಎಸ್' ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆ ಒಂದು ಚಿಹ್ನೆ ಹಾಕಿದರೆ ಇಡೀ ಮೆಸೇಜು ಬೇರೆ ಲೆಕ್ಕಕ್ಕೆ ಜಾರುತ್ತದೆ.

ಆ ಬೇರೆ ಲೆಕ್ಕ ಯುನಿಕೋಡಿನದು. ಪಟ್ಟಿಯಲ್ಲಿಲ್ಲದ ಒಂದೇ ಒಂದು ಅಕ್ಷರ ಬಂದರೂ ಪೂರ್ತಿ ಮೆಸೇಜಿನಲ್ಲಿ ಪ್ರತಿ ಸಂಕೇತಕ್ಕೂ ಎರಡು ಬೈಟ್. 140ನ್ನು ಎರಡರಿಂದ ಭಾಗಿಸಿ: ಎಪ್ಪತ್ತು. ಕನ್ನಡದ ಮೆಸೇಜಿಗೆ ಸಿಕ್ಕಿರುವುದು ಈ ಎಪ್ಪತ್ತು ಮನೆ.

ನಮ್ಮೂರ ಹೆಸರನ್ನೇ ತೆಗೆದುಕೊಳ್ಳಿ. 'ಅರೆಕೆರೆ' ಎಂದು ಬಾಯಲ್ಲಿ ಅಂದರೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು ಅ, ರ, ಎತ್ವ, ಕ, ಎತ್ವ, ರ, ಎತ್ವ. ಒಟ್ಟು ಏಳು ಸಂಕೇತ. ಇಂಗ್ಲಿಷಿನಲ್ಲಿ ಬರೆದರೂ ಎ, ಆರ್, ಇ, ಕೆ, ಇ, ಆರ್, ಇ, ಅದೂ ಏಳೇ. ಹೀಗೆ ಸರಿಸಮ ಬರುವ ಊರ ಹೆಸರು ಸಿಕ್ಕಿದ್ದು ನನ್ನ ಅದೃಷ್ಟ. ಆದರೂ ಇಂಗ್ಲಿಷಿನ ಏಳು ಅಕ್ಷರ ಹಿಡಿಯುವುದು 49 ಬಿಟ್, ಕನ್ನಡದ ಏಳು ಸಂಕೇತ ಹಿಡಿಯುವುದು 112 ಬಿಟ್. ಒಂದು ಮೆಸೇಜಿನಲ್ಲಿ ಊರ ಹೆಸರನ್ನು ಎಡೆಬಿಡದೆ ಬರೆಯುತ್ತ ಹೋದರೆ ಇಂಗ್ಲಿಷಿನಲ್ಲಿ 22 ಸಲ ಬರೆದು ಇನ್ನೂ ಜಾಗ ಉಳಿಯುತ್ತದೆ. ಕನ್ನಡದಲ್ಲಿ ಹತ್ತು ಸಲಕ್ಕೆ ಮುಗಿಯಿತು. ಒತ್ತಕ್ಷರ ಬಂದರೆ ಇನ್ನೂ ದುಬಾರಿ: 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಮನೆ ಬೇಕು.

ಇದರಲ್ಲಿ ವಿಚಿತ್ರವೇನು ಗೊತ್ತೆ? ಯುನಿಕೋಡಿನಲ್ಲಿ ಕನ್ನಡಕ್ಕೆಂದು ಕೊಟ್ಟಿರುವ ಜಾಗವೂ 128 ಮನೆಗಳದ್ದೇ, ಅದರಲ್ಲೂ ಎಷ್ಟೋ ಮನೆ ಖಾಲಿ. ಅಂದರೆ ಕನ್ನಡ ಏಳು ಬಿಟ್ಟಿನಲ್ಲಿ ಆರಾಮವಾಗಿ ಹಿಡಿಸುತ್ತದೆ. ಭಾಷೆ ದೊಡ್ಡದಾಯಿತು, ಪೆಟ್ಟಿಗೆ ಸಣ್ಣದಾಯಿತು ಎನ್ನುವ ಮಾತೇ ಇಲ್ಲ. ಪಟ್ಟಿ ಬರೆಯುವಾಗ ನಾವು ಕೋಣೆಯಲ್ಲಿ ಇರಲಿಲ್ಲ, ಅಷ್ಟೆ. ಮೊಬೈಲ್ ಮಾನದಂಡಗಳನ್ನು ಬರೆಯುವ 3ಜಿಪಿಪಿ ತನ್ನ ಒಂಬತ್ತನೇ ಆವೃತ್ತಿಯ ಹೊತ್ತಿಗೆ ಈ ತಪ್ಪನ್ನು ತಿದ್ದಲು ಹತ್ತು ಭಾರತೀಯ ಭಾಷೆಗಳಿಗೆ ಏಳು ಬಿಟ್ಟಿನ ಪಟ್ಟಿಗಳನ್ನು ಸೇರಿಸಿತು. ಅದರಲ್ಲಿ ಕನ್ನಡದ ಸಂಖ್ಯೆ 7. 'ಇದು ಏಳನೇ ಪಟ್ಟಿ, ಅದರಂತೆ ಓದು' ಎಂದು ಮೆಸೇಜಿನ ತಲೆಯ ಮೇಲೊಂದು ಗುರುತು ಹಾಕಿದರೆ ಕನ್ನಡದಲ್ಲೇ 155 ಸಂಕೇತ ಹಿಡಿಸಬಹುದು. ಕಾಗದದ ಮೇಲೆ ಬಹಳ ಚೆನ್ನಾಗಿದೆ. ಕಳಿಸುವ ಕಡೆಯೂ ಪಡೆಯುವ ಫೋನೂ ಎರಡೂ ಆ ಪಟ್ಟಿಯನ್ನು ಬಲ್ಲವಾಗಿರಬೇಕು. ಒಂದು ಬಲ್ಲದಿದ್ದರೆ ಓದಲಾಗದ ಗೋಜಲು. ಅಷ್ಟರಲ್ಲಾಗಲೇ ಕೋಟಿಗಟ್ಟಲೆ ಫೋನು ಜೇಬಿನಲ್ಲಿದ್ದವು. ಬಳಕೆಯಲ್ಲಿ ನೆಲೆಯಾದದ್ದು ಎರಡು ಬೈಟಿನ ದಾರಿಯೇ.

ನಾನು ಅಕ್ಕನಿಗಾಗಿ ಮೊದಲು ಬರೆದ ಮೆಸೇಜು, ನಾಚಿಕೆಯಿಂದಲೇ ಹೇಳುತ್ತೇನೆ, ಹೀಗಿತ್ತು: "ಮಾನ್ಯ ಗ್ರಾಹಕರೇ, ತಮ್ಮ ಬಡಾವಣೆಗೆ ಇಂದು ಬೆಳಿಗ್ಗೆ 5:30 ಗಂಟೆಗೆ ಕಾವೇರಿ ನೀರನ್ನು ಸರಬರಾಜು ಮಾಡಲಾಗುವುದು." ಎಣಿಸಿದರೆ 91 ಸಂಕೇತ. ಎಪ್ಪತ್ತು ದಾಟಿತು, ಎರಡು ಮೆಸೇಜಾಯಿತು, ಖರ್ಚೂ ಎರಡರದ್ದು. ಎರಡಾದ ಕೂಡಲೇ 'ನಾನು ಎರಡರಲ್ಲಿ ಒಂದನೆಯವನು' ಎಂಬ ಗುರುತಿಗೆ ಪ್ರತಿ ತುಂಡಿನಲ್ಲೂ ಆರು ಬೈಟ್ ಹೋಗುತ್ತದೆ. ಎಪ್ಪತ್ತರ ಬದಲು 67. ಅರವತ್ತೇಳನೆಯ ಮನೆ ಎಲ್ಲಿಗೆ ಬಿತ್ತು ಎಂದು ಬೆರಳಿಟ್ಟು ಎಣಿಸಿದೆ. 'ನೀರನ್ನು' ಎಂಬ ಮಾತಿನ ಮಧ್ಯಕ್ಕೆ! ಮೊದಲ ತುಂಡು 'ನೀರನ' ಎಂದು ಮುಗಿಯುತ್ತದೆ; ಅರ್ಧ ಚಂದ್ರದಂಥ ಹಲಂತವೂ ಅದರ ಒತ್ತೂ ಕೊಂಬೂ ಎರಡನೆಯ ತುಂಡಿಗೆ ಹೋಗುತ್ತವೆ. ಎರಡನ್ನೂ ಹೊಲಿದು ತೋರಿಸುವ ಫೋನಿನಲ್ಲಿ ಇದು ಕಾಣುವುದಿಲ್ಲ. ಒಂದು ತುಂಡು ದಾರಿಯಲ್ಲಿ ತಡವಾದರೆ, ಅಥವಾ ಹೊಲಿಯಲು ಬಾರದ ಫೋನಾದರೆ, ಒತ್ತಕ್ಷರ ಎರಡು ಹೋಳಾಗಿ ಬಿದ್ದಿರುತ್ತದೆ.

ಆಡುವ ಹಾಗೆ ಬರೆದೆ: "ಬೆಳಿಗ್ಗೆ 5:30ಕ್ಕೆ ನೀರು ಬರುತ್ತದೆ." ಮೂವತ್ತೆರಡು. ಕಚೇರಿ ಕನ್ನಡದ ಮೇಲೆ ನನಗೆ ಮೊದಲಿಂದಲೂ ಸಿಟ್ಟಿತ್ತು. ಅದು ದುಡ್ಡಿನಲ್ಲೂ ದುಪ್ಪಟ್ಟು ಎಂದು ಲೆಕ್ಕ ಸಮೇತ ಸಿಕ್ಕಿದ್ದು ಸಮಾಧಾನ.

ಓದುವ ಕಡೆಯ ಕಥೆ ಬೇರೆ. ಮೇಲಿನ ಮನೆಯ ಅಜ್ಜಿಯದು ಹಳೆಯ ಬಟನ್ ಫೋನು. ನನ್ನ ಮೂವತ್ತೆರಡು ಸಂಕೇತ ಅವರ ಫೋನಿನಲ್ಲಿ ಸಾಲಾಗಿ ಖಾಲಿ ಚೌಕಗಳಾಗಿ ಬಂದವು. ಮೆಸೇಜು ಕೆಟ್ಟಿರಲಿಲ್ಲ, ಪ್ರತಿ ಬಿಟ್ಟೂ ಸರಿಯಾಗಿಯೇ ತಲುಪಿತ್ತು. ಆ ಫೋನಿನೊಳಗೆ ಕನ್ನಡದ ಅಚ್ಚು ಇಲ್ಲ. ಭಾರತದಲ್ಲಿ ಮಾರುವ ಪ್ರತಿ ಮೊಬೈಲಿನಲ್ಲೂ 22 ಭಾಷೆಗಳನ್ನು ಓದಲು ಬರಬೇಕು ಎಂಬ ಮಾನದಂಡ, ಐಎಸ್ 16333ರ ಮೂರನೇ ಭಾಗ, ಬಂದದ್ದು 2016ರಲ್ಲಿ. ಅಜ್ಜಿಯ ಫೋನು ಅದಕ್ಕಿಂತ ಹಿರಿಯದು.

ಇನ್ನು 'ಮುಂಚೆ' ಎಂಬ ಮಾತು. ಎಸ್ಸೆಮ್ಮೆಸ್ಸು ನೇರವಾಗಿ ಫೋನಿನಿಂದ ಫೋನಿಗೆ ಹಾರುವುದಿಲ್ಲ. ಮೊದಲು ಮೆಸೇಜ್ ಸೆಂಟರ್ ಎಂಬ ಅಂಚೆ ಕಚೇರಿಯಲ್ಲಿ ಇಳಿಯುತ್ತದೆ. ಅದು 'ಈ ನಂಬರು ಈಗ ಎಲ್ಲಿದೆ?' ಎಂದು ರಿಜಿಸ್ಟರು ನೋಡಿ ಮುಂದಕ್ಕೆ ಕಳಿಸುತ್ತದೆ. ಫೋನು ಆಫ್ ಆಗಿದ್ದರೆ ಇಟ್ಟುಕೊಂಡು ಕಾಯುತ್ತದೆ. ಫೋನು ಎದ್ದ ಸುದ್ದಿ ಸಿಕ್ಕ ಮೇಲೆ ಮತ್ತೆ ಕಳಿಸುತ್ತದೆ. ಹುಟ್ಟುಹಬ್ಬದ ಶುಭಾಶಯಕ್ಕೆ ಈ ತಾಳ್ಮೆ ಒಳ್ಳೆಯದೇ. ನೀರಿನ ಸುದ್ದಿಗೆ ಅಲ್ಲ. ಬೆಳಿಗ್ಗೆ ಚಾರ್ಜಿಲ್ಲದೆ ಮಲಗಿದ ಫೋನು ರಾತ್ರಿ ಒಂಬತ್ತಕ್ಕೆ ಎದ್ದು 'ನೀರು ಬರುತ್ತದೆ' ಎಂದರೆ ಸಂಪಿನ ಮುಂದೆ ಹೋಗಿ ನಿಲ್ಲುವವರೂ ಇದ್ದಾರೆ. ಮಾನದಂಡ ಬರೆದವರು ಇದನ್ನು ಯೋಚಿಸಿದ್ದರು ಅನ್ನುವುದು ಮೆಚ್ಚಬೇಕಾದ್ದು: ಪ್ರತಿ ಮೆಸೇಜಿಗೂ ಆಯುಸ್ಸು ಬರೆಯಬಹುದು, ಕಡಿಮೆ ಅಂದರೆ 5 ನಿಮಿಷ, ಹೆಚ್ಚು ಅಂದರೆ 63 ವಾರ. ಕೇಳಬೇಕೆಂದು ಗೊತ್ತಿದ್ದವರಿಗೆ ಸಿಗುತ್ತದೆ. ತಲುಪಿತೋ ಇಲ್ಲವೋ ಎಂಬ ರಸೀದಿಯೂ ಸಿಗುತ್ತದೆ. ಓದಿದರೋ ಎನ್ನುವುದಕ್ಕೆ ಮಾತ್ರ ರಸೀದಿಯಿಲ್ಲ.

ಇಷ್ಟೆಲ್ಲ ಅಕ್ಷರ, ಬೈಟು, ಆಯುಸ್ಸು ಸರಿಮಾಡಿಕೊಂಡ ಮೇಲೂ ವ್ಯವಸ್ಥೆ ಕೆಲಸ ಮಾಡದೆ ಇರಬಹುದು. ಹಾಗೆ ಆದದ್ದಕ್ಕೆ ಕರ್ನಾಟಕದಲ್ಲೇ ಒಂದು ದಾಖಲೆ ಇದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಶುರುವಾದ ನೆಕ್ಸ್ಟ್‌ಡ್ರಾಪ್ ಎಂಬ ಸಂಸ್ಥೆ, ನಮ್ಮ ಅಕ್ಕ ಕೇಳಿದ್ದನ್ನೇ ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಿ ತೋರಿಸಿತ್ತು. ಅಲ್ಲಿ ಆಗ ನೀರು ಬರುತ್ತಿದ್ದುದು ಹಲವು ದಿನಕ್ಕೊಮ್ಮೆ. ವಾಲ್ವ್ ತಿರುಗಿಸುವವನು ಒಂದು ನಂಬರಿಗೆ ಫೋನ್ ಮಾಡಿ ತಿಳಿಸಬೇಕಿತ್ತು. ಆ ವಾಲ್ವಿನಿಂದ ನೀರು ಪಡೆಯುವ ಮನೆಗಳಿಗೆಲ್ಲ ಎಸ್ಸೆಮ್ಮೆಸ್ ಹೋಗುತ್ತಿತ್ತು. ಆಮೇಲೆ ಅದು ಬೆಂಗಳೂರಿಗೂ ಬಂತು. ತನು ಕುಮಾರ್, ಆಲಿಸನ್ ಪೋಸ್ಟ್ ಮತ್ತು ಇಶಾ ರೇ ಎಂಬ ಸಂಶೋಧಕರು ಊರಿನ ಪೂರ್ವ ಭಾಗದಲ್ಲಿ, ಕೆಲವು ಕಡೆ ಮೆಸೇಜು ಕೊಟ್ಟು ಕೆಲವು ಕಡೆ ಕೊಡದೆ, ಹೋಲಿಸಿ ನೋಡಿದರು. ಔಷಧ ಪರೀಕ್ಷೆ ಮಾಡುವ ಕ್ರಮ ಅದು. 2018ರಲ್ಲಿ ಫಲಿತಾಂಶ ಅಚ್ಚಾಯಿತು: ಮನೆಗಳ ಬದುಕಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ಯಾಕೆ ಎಂಬಲ್ಲಿಯೇ ನಮಗೆ ಬೇಕಾದ ಪಾಠವಿದೆ. ವಾಲ್ವ್ ತಿರುಗಿಸುವವರು ಎಷ್ಟೋ ಸಲ ಫೋನ್ ಮಾಡುತ್ತಿರಲಿಲ್ಲ. ಯಾಕೆ ಮಾಡಬೇಕು? ಮೊದಲೇ ಮೈಮುರಿಯುವ ಕೆಲಸ, ಅದರ ಮೇಲೆ ಇನ್ನೊಂದು. ಮಾಡಿದಾಗಲೂ ಮೆಸೇಜು ಹೋಗುತ್ತಿದ್ದುದು ಬಹಳ ಮನೆಗಳಲ್ಲಿ ಗಂಡಸಿನ ಫೋನಿಗೆ. ಆತ ಕೆಲಸಕ್ಕೆ ಹೋಗಿರುತ್ತಾನೆ. ನಲ್ಲಿಯ ಹತ್ತಿರ ಕಾಯುತ್ತಿರುವವಳು ಮನೆಯಲ್ಲಿದ್ದಾಳೆ. 'ಗ್ರಾಹಕನಿಗೆ ಮೆಸೇಜು ತಲುಪಬೇಕು' ಎಂಬ ರಿಕ್ವೈರ್‌ಮೆಂಟು ಅಕ್ಷರಶಃ ಈಡೇರಿದೆ. ಗ್ರಾಹಕ ಎಂದರೆ ಯಾರು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ನಮ್ಮ ಕ್ರಾಸಿನ ನಂಬರುಗಳನ್ನು ಬರೆದುಕೊಂಡ ಹಾಳೆ ತೆಗೆದು ನೋಡಿದರೆ ಹೆಚ್ಚಿನವು ಯಜಮಾನರ ನಂಬರುಗಳೇ.

ಏನು ಮಾಡಬೇಕು ಎಂಬುದರ ಜೊತೆಗೆ ಏನು ಮಾಡಗೊಡಬಾರದು ಎಂದೂ ಬರೆಯಬೇಕು. ಇದನ್ನು ಬೆಂಗಳೂರಿಗೆ ಕಲಿಸಿದ್ದು 2012ರ ಆಗಸ್ಟ್. ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗುತ್ತದೆ ಎಂಬ ಗಾಳಿಸುದ್ದಿ ಮೊಬೈಲಿಂದ ಮೊಬೈಲಿಗೆ ಹಬ್ಬಿ, 15ನೇ ತಾರೀಖಿನಿಂದ ಸಾವಿರಾರು ಜನ ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಗುವಾಹಟಿಯ ರೈಲಿಗೆ ಮುಗಿಬಿದ್ದರು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ದೇಶದ ತುಂಬ ಒಬ್ಬರು ಒಂದು ದಿನಕ್ಕೆ ಐದೇ ಎಸ್ಸೆಮ್ಮೆಸ್ಸು ಎಂದು ಹದಿನೈದು ದಿನದ ಮಟ್ಟಿಗೆ ಕಟ್ಟು ಹಾಕಿತು. ಸುಳ್ಳಿಗೂ ನಿಜಕ್ಕೂ ಒಂದೇ ವೇಗದ ಓಣಿ ಅದು. ಈಗ ರಾಶಿ ಮೆಸೇಜು ಕಳಿಸಬೇಕಾದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮದಂತೆ ಕಳಿಸುವವರ ಹೆಸರನ್ನೂ ಮೆಸೇಜಿನ ಅಚ್ಚನ್ನೂ ಮೊದಲೇ ನೋಂದಾಯಿಸಬೇಕು. ಗಂಟೆಯಂಥ ಬದಲಾಗುವ ಮಾತಿಗೆ ಮಾತ್ರ ಖಾಲಿ ಜಾಗ ಬಿಡಬಹುದು. ನಮ್ಮ ಕ್ರಾಸು ನೋಂದಾಯಿಸಲು ಸಂಸ್ಥೆಯೂ ಅಲ್ಲ, ಕಂಪನಿಯೂ ಅಲ್ಲ. ಅಕ್ಕನ ಯೋಜನೆ ಇಲ್ಲಿಗೆ ಬಂದು ನಿಂತಿತು.

ಅದಿರಲಿ, 1985ರಲ್ಲಿ ಜಿಎಸ್‌ಎಂ ಸೇವೆಗಳಿಗೆಂದು ಬರೆದ ಮೊದಲ ಪಟ್ಟಿಯಲ್ಲಿ ಮೂರು ಬಗೆಯ ಮೆಸೇಜು ಇದ್ದವು: ಮೊಬೈಲಿಗೆ ಬರುವ ಮೆಸೇಜು, ಮೊಬೈಲಿಂದ ಹೋಗುವ ಮೆಸೇಜು, ಒಂದು ಕಡೆಯಿಂದ ಎಲ್ಲರಿಗೂ ಸಾರುವ ಮೆಸೇಜು. ಎರಡನೆಯದಕ್ಕೆ ಫೋನುಗಳು ತಕ್ಷಣ ಸಿದ್ಧವಿರಲಿಲ್ಲ. 1992ರ ಡಿಸೆಂಬರ್ 3ರಂದು ನೀಲ್ ಪ್ಯಾಪ್‌ವರ್ತ್ ಇಂಗ್ಲೆಂಡಿನಲ್ಲಿ ಕಳಿಸಿದ ಮೊಟ್ಟಮೊದಲ ಎಸ್ಸೆಮ್ಮೆಸ್ಸನ್ನು, ಒಂದು ಕ್ರಿಸ್‌ಮಸ್ ಶುಭಾಶಯವನ್ನು, ಟೈಪ್ ಮಾಡಿದ್ದು ಕಂಪ್ಯೂಟರಿನಲ್ಲಿ. ಮೂರನೆಯದು ಸೆಲ್ ಬ್ರಾಡ್‌ಕಾಸ್ಟ್. ಎಸ್ಸೆಮ್ಮೆಸ್ಸು ಮನೆಮನೆಗೆ ಹೋಗುವ ಅಂಚೆಯಣ್ಣ, ಇದು ಡಂಗುರ. ಟವರು ಒಮ್ಮೆ ಸಾರುತ್ತದೆ, ಅದರ ಅಂಕೆಯಲ್ಲಿರುವ ಫೋನುಗಳೆಲ್ಲ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ. ನಂಬರುಗಳ ಪಟ್ಟಿ ಬೇಡ. ಹತ್ತು ಫೋನಿದ್ದರೂ ಹತ್ತು ಸಾವಿರವಿದ್ದರೂ ಹೊತ್ತು ಅಷ್ಟೇ. ಒಂದು ಪುಟಕ್ಕೆ ಇಂಗ್ಲಿಷಿನಲ್ಲಿ 93 ಅಕ್ಷರ, ಕನ್ನಡದಲ್ಲಿ 41 ಸಂಕೇತ. ಹದಿನೈದು ಪುಟದವರೆಗೆ ಜೋಡಿಸಬಹುದು.

ನಮಗೆ ಇದರ ಬೆಲೆ ಗೊತ್ತು. 2019ರ ನವೆಂಬರ್ 24, ಭಾನುವಾರ, ಪಕ್ಕದ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಹಗಲು ಹೊತ್ತು, ಎಲ್ಲರ ಕೈಯಲ್ಲೂ ಫೋನಿತ್ತು. ಜನ ಸುದ್ದಿ ತಿಳಿದದ್ದು ಮೆಟ್ಟಿಲ ಮೇಲೆ ಏರುತ್ತಿದ್ದ ನೀರು ನೋಡಿ, ಬೀದಿಯ ಕೂಗು ಕೇಳಿ. ನಾಲ್ಕು ವರ್ಷದ ಮೇಲೆ, 2023ರ ಅಕ್ಟೋಬರ್ 12ರಂದು, ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವಲ್ಲ, ನೆನಪಿರಬಹುದು. ಅದೇ ಡಂಗುರದ ಪರೀಕ್ಷೆ. ಕನ್ನಡದಲ್ಲೂ ಬಂದಿತ್ತು. ತರಕಾರಿ ಗಾಡಿಯವನ ಫೋನು, ನನ್ನ ಫೋನು, ಆಟೋದೊಳಗಿನ ಫೋನು ಒಂದೇ ಸಲಕ್ಕೆ ಕೂಗಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆದರೆ ಡಂಗುರ ಒಂದು ಕ್ರಾಸಿನ ನಲ್ಲಿ ನೀರಿಗೆ ಆಗುವುದಿಲ್ಲ. ಒಂದು ಟವರಿನ ಅಂಕೆಯಲ್ಲಿ ಎಷ್ಟೋ ಕ್ರಾಸುಗಳು ಬರುತ್ತವೆ. ಅದೂ ಅಲ್ಲದೆ ಬೆಳಗಿನ ಜಾವ ಅರ್ಧ ಅರೆಕೆರೆಯನ್ನು ಎಬ್ಬಿಸಿದರೆ ನಮ್ಮ ಗತಿಯೇನು.

ಇದನ್ನೆಲ್ಲ ಗೇಟಿನ ಹತ್ತಿರ ಅಕ್ಕನಿಗೆ ಹೇಳುತ್ತಿದ್ದಾಗ ಮೇಲಿನ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡರು. "ಅದ್ಯಾಕಪ್ಪ ಅಷ್ಟೆಲ್ಲ? ನಮ್ಮನೆ ನಲ್ಲೀಲೇ ಮೊದ್ಲು ಗಾಳಿ ಬರೋದು. ನಾನು ನಾಲ್ಕಕ್ಕೇ ಎದ್ದಿರ್ತೀನಿ. ಇವಳಿಗೊಂದು ಮಿಸ್ಡ್ ಕಾಲ್ ಕೊಡ್ತೀನಿ, ಇವಳು ನಿಂಗೆ ಕೊಡ್ಲಿ, ನೀನು ಮುಂದಿನ ಮನೆಗೆ ಕೊಡು."

ನಾನು ರಾತ್ರಿ ಕೂತು ಅಜ್ಜಿಯ ಮಾತನ್ನು ನನ್ನ ಪಟ್ಟಿಗೆ ತಾಳೆ ಹಾಕಿದೆ. ಅಜ್ಜಿಯ ಮನೆ ವಾಲ್ವಿಗೆ ಹತ್ತಿರ, ಸುದ್ದಿ ಮೊದಲು ಅವರಿಗೇ. ಕಳಿಸುವವರಿಗೂ ಅದೇ ನೀರು ಬೇಕು, ಹಾಗಾಗಿ ಮರೆಯುವುದಿಲ್ಲ. ನಂಬರು ಎದ್ದಿರುವ ಹೆಂಗಸರದ್ದು. ತಡವಾಗಿ ತಲುಪುವ ಮಾತೇ ಇಲ್ಲ. ಹೊಡೆದರೆ ಈಗ, ಇಲ್ಲದಿದ್ದರೆ ಇಲ್ಲ. ಎಪ್ಪತ್ತರ ಚಿಂತೆಯೂ ಇಲ್ಲ, ಯಾಕೆಂದರೆ ಅಕ್ಷರವೇ ಸೊನ್ನೆ. ಫೋನು ಎತ್ತುವ ತನಕ ನಡೆಯುವುದು, ಹುಡುಕುವುದು, ನಂಬರು ತೋರಿಸುವುದು, ರಿಂಗಾಗು ಎಂದು ಹೇಳುವುದು, ಬಹುಪಾಲು ಹಿಲ್ಲೆಬ್ರಾಂಡ್ ಚೀಟಿ ಕಳಿಸಲು ನೋಡಿಟ್ಟ ಆ ಪಿಸುಮಾತಿನ ದಾರಿಯಲ್ಲೇ. ಅರ್ಧ ಗಂಟೆ ಮೊದಲು ಎಂಬ ನನ್ನ ಷರತ್ತು ಮಾತ್ರ ಬಿತ್ತು. ಅಜ್ಜಿಯ ನಲ್ಲಿಗೂ ನಮ್ಮ ನಲ್ಲಿಗೂ ನಡುವೆ ಇರುವುದು ಏಳೆಂಟು ನಿಮಿಷ. ಸಂಪಿಗೆ ತಿರುಗಿಸಿಕೊಳ್ಳಲು ಅಕ್ಕನಿಗೆ ಎಷ್ಟು ಹೊತ್ತು ಬೇಕು ಎಂದು ಕೇಳಿದೆ. "ಎರಡು ನಿಮಿಷ ಸಾರ್," ಅಂದರು.

ಇವತ್ತು ಬೆಳಿಗ್ಗೆ 4:50ಕ್ಕೆ ಫೋನು ಎರಡು ಸಲ ರಿಂಗಾಗಿ ಕಟ್ಟಾಯಿತು. ಮುಂದಿನ ಮನೆಗೆ ಎರಡು ರಿಂಗ್ ಕೊಟ್ಟು, ಟಾರ್ಚ್ ಹಿಡಿದು ಸಂಪಿನ ಹತ್ತಿರ ಹೋಗುವ ಹೊತ್ತಿಗೆ ನಲ್ಲಿ ಇನ್ನೂ ಗಾಳಿ ಬಿಡುತ್ತಿತ್ತು.